ಶಶಿರೇಖಾ ಮತ್ತು ನಿಲ್ಲದ ಕ್ಲಾರಿನೆಟ್

ರಾಜಘಟ್ಟದಲ್ಲಿ ಬ್ಯಾಂಡಿನವರ ಐದು ಗೆರೆಯ ಸ್ವರಲಿಪಿ ಓದಬಲ್ಲವರು ಇಬ್ಬರೇ. ಒಬ್ಬರು ಪಿಳ್ಳಪ್ಪ, ಪೊಲೀಸ್ ಬ್ಯಾಂಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕ್ಲಾರಿನೆಟ್ ಊದಿ ನಿವೃತ್ತರಾದವರು. ಇನ್ನೊಬ್ಬಳು ಅವರ ಮಗಳು ಶಶಿರೇಖಾ. ಕನ್ನಡದ ಒತ್ತಕ್ಷರಗಳು ಕೈಗೆ ಹತ್ತುವ ಮೊದಲೇ ಆ ಗೆರೆಗಳ ಮೇಲಿನ ಕಪ್ಪು ಚುಕ್ಕೆಗಳನ್ನು ಅವಳು ಸರಾಗವಾಗಿ ಓದುತ್ತಿದ್ದಳು.

ಆ ವಿದ್ಯೆ ಅನ್ನಕ್ಕಾಗುವುದಿಲ್ಲವೆಂದು ಮನೆಯವರೆಲ್ಲ ತಿಳಿದಿದ್ದರು, ಅವಳೂ ಕೂಡ. ಪಿಯುಸಿ ಮುಗಿಸಿ ಬಾಶೆಟ್ಟಿಹಳ್ಳಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದಳು. ಹೊಲಿದು ಬಂದ ಶರಟನ್ನು ಒಳಮಗ್ಗುಲಾಗಿಸಿ, ಬಿಟ್ಟುಹೋದ ಹೊಲಿಗೆಯನ್ನು ಹುಡುಕುವುದು. ಎಂಟು ವರ್ಷಕ್ಕೆ ಅವಳ ಬೆರಳಿಗೇ ಕಣ್ಣು ಬಂದಿತ್ತು.

ಕಳೆದ ವರ್ಷ, ಅಪ್ಪನ ಹಳೆಯ ಜೊತೆಗಾರ ಸೊಣ್ಣಪ್ಪ ವಾಟ್ಸ್ಯಾಪ್‌ನಲ್ಲಿ ಒಂದು ಜಾಹೀರಾತು ಕಳಿಸಿದರು. ಬೆಂಗಳೂರಿನ ಸಣ್ಣ ಕಂಪನಿಯೊಂದಕ್ಕೆ ಸ್ವರಲಿಪಿ ಬಲ್ಲವರು ಬೇಕಾಗಿದ್ದರು. ಸಂಗೀತ ಬರೆಯುವ ಕಂಪ್ಯೂಟರ್ ಪ್ರೋಗ್ರಾಂಗಳು ಹಲವಾರು. ಒಂದರಲ್ಲಿ ಬರೆದ ಫೈಲು ಇನ್ನೊಂದರಲ್ಲಿ ತೆರೆಯುವುದಿಲ್ಲ. ಅದನ್ನು ಬದಲಿಸಿಕೊಡುವ ಸಾಫ್ಟ್‌ವೇರನ್ನು ಈ ಕಂಪನಿ ತಯಾರಿಸುತ್ತಿತ್ತು. ಬದಲಾಗಿ ಬಂದದ್ದು ಸರಿಯಿದೆಯೇ ಎಂದು ಮನೆಯಲ್ಲೇ ಕೂತು ಪರೀಕ್ಷಿಸುವ ಕೆಲಸ.

"ಡಿಗ್ರಿ ಕೇಳ್ತಾರೆ ಬಿಡಪ್ಪ," ಎಂದಳು ಶಶಿರೇಖಾ.

"ಕೇಳ್ಲಿ. ಇಲ್ಲ ಅನ್ನು. ಅಷ್ಟಕ್ಕೇನು ಹೊಡ್ದಾಕ್ತಾರಾ?" ಎಂದರು ಪಿಳ್ಳಪ್ಪ.

ಡಿಗ್ರಿಯನ್ನು ಯಾರೂ ಕೇಳಲಿಲ್ಲ. ಕಂಪನಿಯ ಭಾನುಪ್ರಕಾಶ್ ವಿಡಿಯೋ ಕರೆಯಲ್ಲಿ ನಾಲ್ಕು ಹಾಳೆ ತೋರಿಸಿದ. ಅವಳು ನಾಲ್ಕನ್ನೂ ಗುನುಗಿ ತೋರಿಸಿದಳು. ಮೂರು ತಿಂಗಳ ಮಟ್ಟಿಗೆ ಕೆಲಸ ಸಿಕ್ಕಿತು.

ಮೂರನೇ ತಿಂಗಳ ಕೊನೆಗೆ, ಬರುವ ಸೋಮವಾರ ಸಾಫ್ಟ್‌ವೇರ್ ಬಿಡುಗಡೆ ಎಂದು ಗೊತ್ತಾಯಿತು. ಆ ಶುಕ್ರವಾರ ಅವಳ ಪಾಲಿಗೆ ಬಂದದ್ದು ಹೊರದೇಶದ ಒಂದು ಕವಾಯತಿನ ಬ್ಯಾಂಡ್ ಮಟ್ಟು. ಮೂಲದಲ್ಲಿ ಮುನ್ನೂರ ಎಂಬತ್ತಾರು ಸ್ವರ, ಬದಲಾದದ್ದರಲ್ಲೂ ಅಷ್ಟೇ. ತಪ್ಪಿಲ್ಲವೆಂದು ಕಂಪ್ಯೂಟರ್ ಹಸಿರು ಗೆರೆ ತೋರಿಸಿತು. ಶಶಿರೇಖಾಗೆ ಮಾತ್ರ ಒಳಮಗ್ಗುಲು ನೋಡದೆ ಸಮಾಧಾನವಿಲ್ಲ. ಬದಲಾದ ಹಾಳೆಯನ್ನು ಪ್ರಿಂಟ್ ತೆಗೆದು ಅಪ್ಪನ ಮುಂದಿಟ್ಟಳು.

ಪಿಳ್ಳಪ್ಪ ಊದತೊಡಗಿದರು. ಕೊನೆಯ ಸಾಲಿನಲ್ಲಿ 'ಮತ್ತೆ ಮೊದಲಿಗೆ ಹೋಗು' ಎಂಬ ಗುರುತಿತ್ತು, ಹೋದರು. ಮತ್ತೆ ಕೊನೆಗೆ ಬಂದರು, ಮತ್ತೆ ಮೊದಲಿಗೆ. ಮೂರನೇ ಸುತ್ತಿಗೆ ಅಡುಗೆಮನೆಯಿಂದ ಅಮ್ಮ ಲಕ್ಕಮ್ಮ ಇಣುಕಿದರು.

"ಎಷ್ಟ್ ಸಲ ಅದ್ನೇ ಊದ್ತೀರ? ಮುದ್ದೆ ಆರೋಗ್ತದೆ."

ಪಿಳ್ಳಪ್ಪ ಕ್ಲಾರಿನೆಟ್ಟನ್ನು ತುಟಿಯಿಂದ ತೆಗೆದು, "ನಿಲ್ಸು ಅಂತ ಎಲ್ಲೂ ಬರ್ದಿಲ್ವಲ್ಲೇ," ಎಂದರು.

ಶಶಿರೇಖಾ ಮೂಲ ಹಾಳೆಯನ್ನು ತೆರೆದಳು. ನಡುಮಧ್ಯದಲ್ಲಿ 'ಫೀನೆ' ಎಂಬ ಪುಟ್ಟ ಪದವಿತ್ತು. ಮೊದಲಿಂದ ಮತ್ತೆ ನುಡಿಸುವಾಗ ಅಲ್ಲಿಗೆ ಮುಗಿಸಬೇಕು. ಬದಲಾದ ಹಾಳೆಯಲ್ಲಿ ಆ ಪದವೇ ಇರಲಿಲ್ಲ.

ಭಾನುಪ್ರಕಾಶನಿಗೆ ಕರೆ ಮಾಡಿ ಹೇಳಿದಳು. "ಸ್ವರ ಎಲ್ಲಾ ಮ್ಯಾಚ್ ಆಗಿದ್ಯಲ್ಲ ಶಶಿರೇಖಾ ಅವ್ರೇ. ಸೋಮವಾರ ರಿಲೀಸ್ ಇಟ್ಕೊಂಡು ಈಗ ಹೇಳ್ತಿದ್ದೀರ," ಎಂದ ಅವನು.

ಅವಳು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ 'ಪಾಸ್ ಮಾಡು' ಎಂದರೆ ಎದುರಾಡಿದವಳಲ್ಲ. ಈ ಸಲ ಫೋನನ್ನು ಅಪ್ಪನತ್ತ ತಿರುಗಿಸಿ, "ಒಂದ್ನಿಮಿಷ ಕೇಳಿ ಸಾರ್," ಎಂದಳು.

ಪಿಳ್ಳಪ್ಪ ಬೆನ್ನು ನೆಟ್ಟಗೆ ಮಾಡಿ ಊದಿದರು. ಒಂದು ಸುತ್ತು, ಎರಡು, ಮೂರು. ನಾಲ್ಕನೆಯದಕ್ಕೆ ಭಾನುಪ್ರಕಾಶ್ ಮೆಲ್ಲಗೆ ಕೇಳಿದ, "ನಿಮ್ ತಂದೆಯವ್ರು ಯಾವಾಗ ನಿಲ್ಲಿಸ್ತಾರೆ?"

"ನಮ್ ಸಾಫ್ಟ್‌ವೇರು ನಿಲ್ಸು ಅಂದ್ರೆ ನಿಲ್ಲಿಸ್ತಾರೆ ಸಾರ್."

ಆ ಕಡೆಯಿಂದ ಕೀಲಿಮಣೆ ಕುಟ್ಟುವ ಶಬ್ದ, ಅದರ ಹಿಂದೆಯೇ ತಡೆಯಲಾರದ ನಗು. ಫೈಲುಗಳಲ್ಲಿ ಜನ ಬರೆದಿಡುವ 'ಗುಡ್', 'ಓಕೆ', 'ಫೈನ್' ಮುಂತಾದ ಷರಾಗಳನ್ನು ಅಳಿಸಿಹಾಕಲು ಅವನೇ ಒಂದು ಪಟ್ಟಿ ಬರೆದಿದ್ದ. 'ಫೀನೆ'ಗೂ ಇಂಗ್ಲಿಷಿನ 'ಫೈನ್'ಗೂ ಅಕ್ಷರಗಳು ಒಂದೇ, ಎಫ್-ಐ-ಎನ್-ಇ. "ಯಾರೋ ಚೆನ್ನಾಗಿದೆ ಅಂತ ಬರ್ದಿದಾರೆ ಅಂದ್ಕೊಂಡೆ ರೀ," ಎಂದ.

"ಫೈನ್ ಅಲ್ಲ ಸಾರ್, ಫೀನೆ," ಎಂದು ಪಿಳ್ಳಪ್ಪ ಫೋನಿಗೆ ಬಾಗಿದರು. "ಇಟಲಿ ಮಾತು. ಮುಗೀತು ಅಂತ. ಇನ್ ಮುದ್ದೆ ತಿನ್ಬೋದಾ?"

ಶನಿವಾರ ಭಾನುವಾರ ಅಪ್ಪ ಮಗಳು ಇನ್ನೂರು ಹಾಳೆ ತಿರುವಿಹಾಕಿದರು. ಮೂವತ್ತೇಳರಲ್ಲಿ ಆ ಪದ ಮಾಯವಾಗಿತ್ತು. ಬಿಡುಗಡೆ ಒಂದು ವಾರ ಮುಂದಕ್ಕೆ ಹೋಯಿತು. ಶಶಿರೇಖಾಗೆ ಕೆಲಸ ಕಾಯಂ ಆಯಿತು. ಇನ್ನು ಮುಂದೆ ಅವಳು ಒಪ್ಪದೆ ಏನೂ ಹೊರಹೋಗಬಾರದೆಂದು ಭಾನುಪ್ರಕಾಶ್ ಎಲ್ಲರಿಗೂ ಬರೆದು ತಿಳಿಸಿದ. ಆ ಪತ್ರವನ್ನು ಅವಳು ಅಪ್ಪನಿಗೆ ಎರಡು ಸಲ ಓದಿ ಹೇಳಿದಳು. ಮೂರನೇ ಸಲ ಲಕ್ಕಮ್ಮನೇ ಕೇಳಿ ಓದಿಸಿಕೊಂಡರು.

ಅವರೆಕಾಯಿ ಕಾಲಕ್ಕೆ ಭಾನುಪ್ರಕಾಶ್ ಬೈಕಿನಲ್ಲಿ ರಾಜಘಟ್ಟಕ್ಕೇ ಬಂದ. ಹಿತಕಿದ ಬೇಳೆ ಸಾರಿನಲ್ಲಿ ಎರಡು ಮುದ್ದೆ ಮುಗಿಸಿ, ತನಗೂ ಕ್ಲಾರಿನೆಟ್ ಹೇಳಿಕೊಡಿ ಎಂದು ಪಿಳ್ಳಪ್ಪನವರ ಮುಂದೆ ಕೂತ. ಕೆನ್ನೆ ಉಬ್ಬಿಸಿ ಊದಿದರೆ ಬರೀ ಗಾಳಿ. ಇನ್ನೊಮ್ಮೆ ಊದಿದಾಗ ಬಾತುಕೋಳಿ ಕೂಗಿದಂತಾಯಿತು. ಲಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದರು. ಶಶಿರೇಖಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಪಿಳ್ಳಪ್ಪ ಮಾತ್ರ ನಗಲಿಲ್ಲ. ಶಿಷ್ಯನ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು, "ಕೆನ್ನೆ ಉಬ್ಬಿಸ್ಬೇಡಿ ಸಾರ್. ತುಟಿ ಬಿಗಿ ಮಾಡಿ. ಹಾಂ, ಈಗ ಊದಿ," ಎಂದರು.