ಅಜ್ಜಿ ಕೊಟ್ಟ ಗೆರೆ ಏಲಕ್ಕಿ

ಗೆಳೆಯರೇ, ಈ ಬ್ಲಾಗ್ ಬರೆಯಲು ಸೈಬರ್ ಕೆಫೆಗೆ ಬರುವ ಮುಂಚೆ ಯಸಳೂರಿನ ಚಿಕ್ಕಮ್ಮನಿಂದ ಚೆನ್ನಾಗಿ ಬೈಸಿಕೊಂಡು ಬಂದಿದ್ದೇನೆ. ಅವಳ ಹಿತ್ತಲಿನ ಏಲಕ್ಕಿ ಗಿಡದ ಎಲೆಗಳ ತುಂಬ ತಿಳಿಹಳದಿ ಗೆರೆಗಳಿದ್ದವು.

"ಇದು ಕಟ್ಟೆ ರೋಗ ಚಿಕ್ಕಮ್ಮ, ವೈರಸ್ಸು. ಔಷಧಿ ಇಲ್ಲ. ಗಿಡಹೇನು ಇದರ ರಸ ಹೀರಿ ತೋಟಕ್ಕೆಲ್ಲ ಅಂಟಿಸ್ತದೆ. ಕಿತ್ತು ಸುಟ್ಬುಡು," ಎಂದೆ.

"ರೋಗ ಅಂತೀಯೇನೋ? ಮದುವೆಯಾಗಿ ಹೊರಟಾಗ ನಮ್ಮವ್ವ ಕೈಯಾರೆ ಬುಡ ಕಿತ್ತು ಕೊಟ್ಟಿದ್ದು ಕಣೋ! ನಾಲ್ಕು ಜನ ಅಕ್ಕತಂಗೀರಿಗೂ ಇದನ್ನೇ ಕೊಟ್ಟಿದ್ಲು."

ಅಜ್ಜಿಯ ಹಿತ್ತಲಲ್ಲಿ ಆ ಗೆರೆ ಎಲೆಗಳ ಮರೆಯಲ್ಲಿ ಕಣ್ಣಾಮುಚ್ಚಾಲೆ ಆಡಿದ್ದು ನೆನಪಾಯಿತು. ಅಲ್ಲಿ ಒಂದು ಕಾಯಿಯನ್ನೂ ಕಂಡ ನೆನಪಿಲ್ಲ.

ಅದನ್ನು ಹೇಳಿದ್ದಕ್ಕೆ ಚಿಕ್ಕಮ್ಮ ಮೊದಲು ಬೈದಳು, ಕೊನೆಗೆ ತಾನೇ ಗಿಡ ಕಿತ್ತು ಸುಟ್ಟಳು. ಒಂದೇ ಒಂದು ಎಲೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಅಜ್ಜನ ತೋಟವೆಲ್ಲ ಮಾವಂದಿರ ಪಾಲಾಯಿತು. ಹೆಣ್ಣುಮಕ್ಕಳಿಗೆ ಸರಿಸಮನಾಗಿ ಸಿಕ್ಕಿದ್ದು ಈ ವೈರಸ್ಸೊಂದೇ.