ಆರನೇ ಪೊಟ್ಟಣದ ಊರು

ಬಲಗಿವಿಗೆ ಕೆಂಪು ಪೆನ್ನು, ಎಡಗಿವಿಗೆ ನೀಲಿ ಪೆನ್ನು. ನಮ್ಮ ಕುಶಾಲನಗರದ ಟಿಕೆಟ್ ಅಣ್ಣನನ್ನು ನೆನೆದರೆ ಮೊದಲು ಕಾಣುವುದು ಅವೇ. ವರ್ಷಗಟ್ಟಲೆ ಪೆನ್ನು ಸಿಕ್ಕಿಸಿ ಸಿಕ್ಕಿಸಿ ಎರಡು ಕಿವಿಯೂ ಮುಂದಕ್ಕೆ ಬಾಗಿದ್ದವು. ಟಿಕೆಟ್ಟಿನ ಮೇಲೆ ಬೋಗಿಗೂ ಸೀಟಿಗೂ ಕೆಂಪು ಗೆರೆ, ಮಿಕ್ಕಿದ್ದಕ್ಕೆಲ್ಲ ನೀಲಿ. ಕೊಡಗಿಗೆ ರೈಲಿಲ್ಲ. ರೈಲೇ ಇಲ್ಲದ ಸೀಮೆಯಲ್ಲಿ ಕೂತು ಅವರು ಜೀವಮಾನವೆಲ್ಲ ರೈಲು ಟಿಕೆಟ್ ಮಾಡಿಕೊಟ್ಟರು. ತಾವು ಮಾತ್ರ ಮೈಸೂರಿನಿಂದ ಆಚೆಗೆ ಹೋದವರಲ್ಲ. ಯಾರಾದರೂ ಹಂಗಿಸಿದರೆ, “ಸೂಲಗಿತ್ತಿ ಎಲ್ಲಾ ಮಕ್ಕಳನ್ನೂ ತಾನೇ ಹೆರ್ತಾಳೇನ್ರೀ?” ಎನ್ನುತ್ತಿದ್ದರು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕನ್ನಡ ಕೂಡಿಸಿಕೊಂಡು ಓದುತ್ತೇನೆ, ಅಷ್ಟೇ. ಅಳಿಯ ಸೈನ್ಯದಲ್ಲಿದ್ದಾನೆ. ಮಗಳನ್ನು ಝಾನ್ಸಿಗೆ ಕರೆದುಕೊಂಡು ಹೋದ. ಅವಳು ಮೊದಲ ಸಲ ಬಸುರಾದಾಗ ನಾನು ಹೊರಟೆ, ಒಬ್ಬಳೇ. ನನ್ನ ಯಜಮಾನರು ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

“ಅಲ್ಲಿಯ ಬೋರ್ಡು ನಂಗೆ ಓದಕ್ಕೆ ಬರಲ್ಲ ಅಣ್ಣಾ. ಇಳಿಯೋದು ಹೆಂಗೆ?” ಎಂದೆ.

“ಊಟ ಮಾಡಕ್ಕೆ ಬರ್ತದಲ್ಲ?” ಎಂದರು. “ಮೈಸೂರಲ್ಲಿ ಹತ್ತಿದ ರಾತ್ರಿ ಒಂದು ಪೊಟ್ಟಣ ಬಿಚ್ಚಿ. ಮಾರನೇ ದಿನ ಮೂರು. ಅದರ ಮಾರನೇ ದಿನ ಬೆಳಿಗ್ಗೆ ಐದನೇದು, ಮಧ್ಯಾಹ್ನ ಆರನೇದು. ಆರನೇದು ತಿಂದು ಕೈ ತೊಳ್ಕೊಂಡ್ರೆ ಝಾನ್ಸಿ ಬಂತು ಅಂತ ಲೆಕ್ಕ.”

ಆರು ಪೊಟ್ಟಣ ಚಪಾತಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡು ಹೊರಟೆ. ಎರಡನೇ ದಿನ ಮಧ್ಯಾಹ್ನ ಎದುರಿನ ಸೀಟಿನ ಮಗು ನನ್ನ ಕೈಯನ್ನೇ ನೋಡುತ್ತಿತ್ತು. ನನ್ನದನ್ನು ತಿಂದು, ಇನ್ನೊಂದು ಪೊಟ್ಟಣ ಆ ತಾಯಿಗೂ ಮಗುವಿಗೂ ಕೊಟ್ಟೆ. ಲೆಕ್ಕ ತಪ್ಪಿದ್ದು ತಲೆಗೆ ಹೋಗಲೇ ಇಲ್ಲ. ಮೂರನೇ ದಿನ ಬೆಳಿಗ್ಗೆಯೇ ಕೊನೆಯ ಪೊಟ್ಟಣ ಬಿಚ್ಚಿದೆ, ಕೈ ತೊಳೆದೆ, ಚೀಲ ತಬ್ಬಿಕೊಂಡು ಬಾಗಿಲ ಹತ್ತಿರ ಹೋಗಿ ಕೂತೆ. ಝಾನ್ಸಿ ಬರಲಿಲ್ಲ. ದಾಟಿ ಹೋಯಿತೇನೋ ಎಂದು ಅಳುತ್ತಾ ಕೂತೆ. ಮಧ್ಯಾಹ್ನ ಕಳೆದು ರೈಲು ನಿಂತಾಗ ಕೆಳಗೆ ಅಳಿಯ ನಿಂತಿದ್ದ.

ಆ ಬಸಿರು ನಿಲ್ಲಲಿಲ್ಲ. ವಾಪಸು ಬಂದವಳು ಅದನ್ನು ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಟಿಕೆಟ್ ಅಣ್ಣ “ಇಳಿಯೋದು ಕಷ್ಟ ಆಯ್ತಾ ಅಕ್ಕಾ?” ಎಂದದ್ದೇ ತಡ, ಅಂಗಡಿಯ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ಬಸಿರಿನದು, ಚಪಾತಿಯದು, ಎಲ್ಲ. ಅವರು ಎರಡು ಪೆನ್ನನ್ನೂ ತೆಗೆದು ಮೇಜಿನ ಮೇಲಿಟ್ಟು ಕೇಳಿದರು.

“ತಪ್ಪು ನಂದೇ,” ಎಂದರು ಕೊನೆಗೆ. “ನೀವು ಎದುರಿಗಿದ್ದೋರನ್ನ ಬಿಟ್ಟು ತಿನ್ನೋರಲ್ಲ ಅಂತ ನಂಗೆ ಗೊತ್ತಾಗ್ಬೇಕಿತ್ತು. ಇನ್ಮೇಲೆ ಹನ್ನೆರಡು ಕಟ್ಟಿ. ಲೆಕ್ಕದ್ದು ಆರು, ಲೆಕ್ಕ ಇಲ್ಲದ್ದು ಆರು.”

ಆಮೇಲೆ ನಾಲ್ಕು ಸಲ ಹೋಗಿ ಬಂದೆ. ಪ್ರತಿ ಸಲವೂ ಕೆಳಗಿನ ಬರ್ತೇ ಸಿಗುವ ಹಾಗೆ ನೋಡಿಕೊಂಡರು. ಊರವರೆಲ್ಲ “ಮಗಳಿಗೆ ವಿಶೇಷ ಏನೂ ಇಲ್ವಾ?” ಎಂದು ತಿವಿಯುವವರೇ. ಅವರೊಬ್ಬರು ಮಾತ್ರ, “ಮಗಳು ಚೆನ್ನಾಗಿದಾಳಾ?” ಎಂದಷ್ಟೇ ಕೇಳುತ್ತಿದ್ದರು.

ಆಮೇಲೆ ಅಳಿಯ ಒಂದು ಫೋನು ಕೊಡಿಸಿದ. ಟಿಕೆಟ್ಟನ್ನು ಅಲ್ಲಿಂದಲೇ ಅದಕ್ಕೆ ಕಳಿಸತೊಡಗಿದ. ಒಳ್ಳೆಯ ಹುಡುಗ, ನನಗೆ ಓಡಾಟ ತಪ್ಪಲಿ ಅಂತ. ಆದರೆ ಅಣ್ಣನ ಅಂಗಡಿಯ ಮುಂದೆ ಹೋಗಲು ಏನೋ ನಾಚಿಕೆಯಾಯಿತು. ರಸ್ತೆಯ ಆಚೆ ಬದಿಯಿಂದ ಸೆರಗು ಎಳೆದುಕೊಂಡು ನಡೆದೆ. ಅವರು ಅಲ್ಲಿಂದಲೇ ಕೂಗಿದರು:

“ಅಕ್ಕಾ! ಕೆಳಗಿನ ಬರ್ತ್ ಸಿಕ್ತಾ?”

ಬಂದಿದ್ದು ಮೇಲಿನದು. “ಸಿಕ್ತು ಅಣ್ಣಾ,” ಎಂದೆ. ನಾನು ಅವರಿಗೆ ಹೇಳಿದ ಕೊನೆಯ ಮಾತು ಆ ಸುಳ್ಳು.

ಹೋದ ಸೋಮವಾರ ಝಾನ್ಸಿಯಿಂದ ಫೋನು ಬಂತು. ಹನ್ನೊಂದು ವರ್ಷದ ಮೇಲೆ ನನ್ನ ಮಗಳು ಹೆತ್ತಿದ್ದಾಳೆ. ಹೆಣ್ಣು ಮಗು! ಅಯ್ಯೋ, ನನ್ನ ಸಂತೋಷವನ್ನು ಏನೆಂದು ಹೇಳಲಿ? ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಉಕ್ಕಲಿ ಅಂತ ಬಿಟ್ಟೆ. ಖಾಲಿ ಮನೆಯಲ್ಲಿ ಗಟ್ಟಿಯಾಗಿ, “ಅಜ್ಜಿ ಆದೆ!” ಎಂದೆ. ಕೇಳಲು ಯಾರಿದ್ದಾರೆ? ಆಗ ಹೊಳೆಯಿತು, ಇದನ್ನು ಹೇಳಬೇಕಾದವರು ಒಬ್ಬರಿದ್ದಾರೆ.

ಬೇಸನ್ ಲಾಡು ಕಟ್ಟಿಸಿಕೊಂಡು, ಈ ಸಲ ರಸ್ತೆಯ ಈಚೆ ಬದಿಯಿಂದಲೇ ನಡೆದೆ. ಅಣ್ಣನ ಅಂಗಡಿಯಲ್ಲಿ ಬೇರೆ ಯಾರೋ ಪ್ರವಾಸಿಗರಿಗೆ ಚಾಕಲೇಟು, ಜೇನುತುಪ್ಪ ಮಾರುತ್ತಿದ್ದರು. ಪಕ್ಕದ ದರ್ಜಿ ಮಿಷನ್ ನಿಲ್ಲಿಸಿದ.

“ಗೊತ್ತಿಲ್ವಾ ಅಕ್ಕ? ಹೋದ ಮಳೆಗಾಲದಲ್ಲೇ ತೀರ್ಕೊಂಡ್ರು. ಕೊನೆಕೊನೆಗೆ ಗಿರಾಕಿನೇ ಇರ್ಲಿಲ್ಲ. ಆದ್ರೂ ದಿನಾ ಬಾಗ್ಲು ತೆಗೆದು ಕೂತಿರೋರು.”

ಆ ಸ್ಟೂಲು ಈಗ ದರ್ಜಿಯ ಹತ್ತಿರ ಇದೆ. ಅದರ ಮೇಲೆ ಸ್ವಲ್ಪ ಹೊತ್ತು ಕೂತೆ. ಲಾಡು ಅವನಿಗೆ ಕೊಟ್ಟೆ. “ಏನಕ್ಕ ವಿಶೇಷ?” ಎಂದ. ಹೇಳಿದೆ. “ಓ, ಒಳ್ಳೇದಾಯ್ತು,” ಎಂದು ಮತ್ತೆ ಮಿಷನ್ ತುಳಿದ. ಪಾಪ, ಅವನಿಗೇನು ಗೊತ್ತು.

ನಾಳೆ ಹೊರಡುತ್ತೇನೆ. ಫೋನಿನ ಟಿಕೆಟ್ಟಿನಲ್ಲಿ ಈ ಸಲವೂ ಮೇಲಿನ ಬರ್ತು. ಎದುರಿಗೆ ಹನ್ನೆರಡು ಪೊಟ್ಟಣ ಕಟ್ಟಿಟ್ಟಿದ್ದೇನೆ. ಇವತ್ತು ಒಂದು ಕೆಂಪು ಪೆನ್ನು ಕೊಂಡು ತಂದು, ಲೆಕ್ಕದ ಆರಕ್ಕೆ ನಂಬರು ಹಾಕಿದೆ. ಆರನೆಯದರ ಮೇಲೆ ಮೊಮ್ಮಗಳ ಊರಿನ ಹೆಸರನ್ನೂ ಬರೆದೆ. ಬರೆದು, ಪೆನ್ನನ್ನು ಎಲ್ಲಿಡಬೇಕೆಂದು ತಿಳಿಯದೆ ಕಿವಿಗೆ ಸಿಕ್ಕಿಸಿಕೊಂಡೆ.