ಲವಂಗದ ತಾತ

ದೇವರು ಕೊಟ್ಟ ಒಂದು ಹಣ್ಣೂ ಕೊಳೆತುಹೋಗಬಾರದೆಂದು ಹಟ ತೊಟ್ಟ ಭಕ್ತನೆಂದರೆ ನಮ್ಮ ಹಣ್ಣಿನ ಉಗ್ರಾಣದ ಲವಂಗದ ತಾತ. ಕೊಯ್ದು ತಂದ ಕಿತ್ತಳೆಗಳನ್ನು, ಲವಂಗ ದಾಲ್ಚಿನ್ನಿ ಕುದಿಸಿ ಆರಿಸಿದ ನೀರಿನಲ್ಲಿ ಎಳೆಗೂಸಿನಂತೆ ಮೀಯಿಸಿ, ಮೆಲ್ಲನೆ ಒರಸಿ, ಒಂದಕ್ಕೊಂದು ತಾಗದಂತೆ ಹಲಗೆಯ ಮೇಲೆ ಮಲಗಿಸುವನು. ತಾಗಿದರೆ ಬೂಷ್ಟು ಹರಡುತ್ತದೆಂದು ಕೆಲಸದ ಹೆಂಗಸರ ಮೇಲೆ ರೇಗುವನು: "ಏನಮ್ಮಾ, ಅವಕ್ಕೇನು ಮದುವೆ ಮಾಡಿಸ್ತೀಯಾ? ದೂರ ಇಡು!" ಅವರು ನಗುತ್ತ ಮನೆಗೆ ಹೋದ ಮೇಲೂ ಅವನು ಹಣ್ಣುಗಳೊಡನೆ ಮಾತಾಡುತ್ತ ಅಲ್ಲಿಯೇ ಉಳಿಯುವನು, ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಯಲ್ಲಿ ಓಗೊಡುವವರಿಲ್ಲ. ಮೊನ್ನೆ ಮೂಲೆಯ ಹಲಗೆಯಲ್ಲಿ ಎರಡು ಹಣ್ಣುಗಳು ಒತ್ತಿಕೊಂಡಿರುವುದನ್ನು ಕಂಡು, ಬೇರ್ಪಡಿಸಲು ನಾನು ಕೈಚಾಚಿದೆನು. ತಾತ ನನ್ನ ಕೈ ಹಿಡಿದುಕೊಂಡನು. "ಅವೆರಡನ್ನ ನಾನೇ ಹಾಗಿಟ್ಟಿದ್ದು, ಸ್ವಾಮಿ. ಕೆಟ್ರೂ ಜೊತೆಗೇ ಕೆಡ್ಲಿ."